ವೀರೇಶನ ಖಾಲಿ ಫೋನು

ವೀರೇಶನನ್ನು ಮಣ್ಣು ಮಾಡಿ ಒಂದು ವಾರವಾದ ಮೇಲೆ ಅವನ ಫೋನು ಮನೆಗೆ ಬಂತು. ತಂದವನು ಎಣ್ಣೆ ಮಿಲ್ಲಿನ ಮ್ಯಾನೇಜರ್ ಚಂದ್ರಣ್ಣ. ಕಾರನ್ನು ಬಿ.ಜಿ. ಕೆರೆಯ ಬಸ್ ನಿಲ್ದಾಣದ ಹತ್ತಿರವೇ ನಿಲ್ಲಿಸಿ, ಓಣಿಯಲ್ಲಿ ನಡೆದು ಬಂದು, ಜಗಲಿಯ ಮೇಲೆ ಕೂತ. ವೀರೇಶನ ಹೆಂಡತಿ ಪ್ರೇಮಲತಾ ಚಹಾ ತಂದಿಟ್ಟಳು. ಅವನು ಕುಡಿಯಲಿಲ್ಲ.

"ಅವನ ಜೊತೇಲೆ ತೊಟ್ಟಿಯೊಳಗೆ ಬಿದ್ದಿತ್ತು ಕಣಮ್ಮ," ಎಂದು ಪ್ಲಾಸ್ಟಿಕ್ ಕವರಿನಲ್ಲಿದ್ದ ಫೋನನ್ನು ಅವಳ ಮುಂದೆ ಇಟ್ಟ. "ಒಣಗಿಸಿ ಚಾರ್ಜಿಗೆ ಹಾಕಿದ್ವಿ, ಆನ್ ಆತು. ಆದ್ರೆ ಒಳಗಿರೋದೆಲ್ಲ ಹೋಗಿಬಿಟ್ಟೈತೆ. ಎಣ್ಣೆ ಇಳಿದ್ರೆ ಹಂಗೇ ಆಗೋದು."

ಅಂಗಳದ ಆ ತುದಿಯಲ್ಲಿ ವೀರೇಶನ ಅಪ್ಪ ಕ್ಯಾತಪ್ಪ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ತಿರುಗಿ ನೋಡಲಿಲ್ಲ. ಚಂದ್ರಣ್ಣ ದನಿ ತಗ್ಗಿಸಿ ಹೇಳಿದ, "ಸ್ವಲ್ಪ ದಿನ ಕಳೀಲಿ. ಪ್ಯಾಕಿಂಗಿಗೆ ಬಾ. ನಿನಗೊಂದು ಕೆಲಸ ಇಟ್ಟಿರ್ತೀನಿ. ಕುಡಿದು ಇಳಿದವನು ಅಂತ ಓನರ್ರು ಕೈ ಬಿಡಬಹುದಿತ್ತು. ನಾನು ಬಿಡಾಕೆ ಕೊಡಲಿಲ್ಲ."

ಅವನು ಹೋದ ಮೇಲೆ ಪ್ರೇಮಲತಾ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಒತ್ತಿದಾಗ ಪರದೆ ಬೆಳಗಿತು. ಅಂಗಡಿಯಿಂದ ಆಗ ತಾನೆ ತಂದ ಫೋನಿನ ಹಾಗೆ, ಯಾವ ಭಾಷೆ ಬೇಕು ಎಂದು ಕೇಳಿತು.

ಚಳ್ಳಕೆರೆಯ ಆ ಮಿಲ್ಲಿನಲ್ಲಿ ನೆಲದೊಳಗೆ ಒಂದು ತೊಟ್ಟಿ ಇತ್ತು. ಎಣ್ಣೆ ತಿಳಿಯಾದ ಮೇಲೆ ಉಳಿಯುವ ಗಸಿ, ತೊಳೆದ ನೀರು ಎಲ್ಲ ಅದಕ್ಕೆ ಹೋಗುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಯಾರಾದರೂ ಒಳಗಿಳಿದು ಗಸಿಯನ್ನು ಬಕೆಟ್ಟಿನಲ್ಲಿ ತುಂಬಿ ಮೇಲಕ್ಕೆ ಕೊಡಬೇಕು. ವೀರೇಶ ಮಿಲ್ಲಿಗೆ ಸೇರಿದ್ದು ಯಂತ್ರಕ್ಕೆ ಶೇಂಗಾ ಸುರಿಯುವ ಕೆಲಸಕ್ಕೆ. ಅವತ್ತು ಮಧ್ಯಾಹ್ನ ಅವನು ತೊಟ್ಟಿಗೆ ಇಳಿದ. ಮೇಲೆ ಬಂದದ್ದು ಅವನ ಹೆಣ. ತೊಟ್ಟಿಯ ಬಾಯಿಯ ಹತ್ತಿರ, ಅವನು ಬಿಚ್ಚಿಟ್ಟ ಅಂಗಿಯ ಪಕ್ಕದಲ್ಲಿ, ಅರ್ಧ ಖಾಲಿಯಾದ ಬ್ರಾಂದಿ ಬಾಟ್ಲಿ ಸಿಕ್ಕಿತು. ಯಾರೂ ಇಳಿ ಅಂದಿರಲಿಲ್ಲ, ಕುಡಿದ ಅಮಲಿನಲ್ಲಿ ತಾನೇ ಇಳಿದ ಎಂದು ಚಂದ್ರಣ್ಣ ಪೊಲೀಸರಿಗೆ ಹೇಳಿದ. ದೇಹವನ್ನು ಕೊಯ್ದು ನೋಡಿದ್ದರು. ಆದರೆ ಪ್ರಯೋಗಾಲಯದ ವರದಿ ಬರುವುದಕ್ಕೆ ತಿಂಗಳುಗಳು ಬೇಕು ಎಂದರು. ಬಾಟ್ಲಿಯ ಸುದ್ದಿಗೆ ಬಿ.ಜಿ. ಕೆರೆ ತಲುಪಲು ಒಂದು ಬಸ್ಸು ಸಾಕಾಯಿತು.

ಅದನ್ನು ಊರು ನಂಬಿತು, ಯಾಕೆಂದರೆ ವೀರೇಶ ಹಿಂದೆ ಕುಡಿಯುತ್ತಿದ್ದ. ಮಗಳು ಹುಟ್ಟುವ ಮುಂಚಿನ ವರ್ಷವಂತೂ ಸಂಬಳದ ದಿನ ಅವನನ್ನು ಯಾರಾದರೂ ಹಿಡಿದು ಬಸ್ಸಿನಿಂದ ಇಳಿಸಬೇಕಾಗುತ್ತಿತ್ತು. ಕ್ಯಾತಪ್ಪ ಹೆಂಡ ಮುಟ್ಟದ ಮನುಷ್ಯ. ಮಗನನ್ನು ಒಂದು ಸಲ ಕುರಿ ಹಟ್ಟಿಯ ಕಂಬಕ್ಕೆ ಕಟ್ಟಿ ಹಾಕಿದ್ದ. ಮಗಳು ಹುಟ್ಟಿದ ಮೇಲೆ ವೀರೇಶ ಆ ಎಳೆಗೂಸಿನ ತಲೆ ಮುಟ್ಟಿ ಆಣೆ ಇಟ್ಟ. ಆಮೇಲೆ ಕುಡಿದದ್ದನ್ನು ಪ್ರೇಮಲತಾ ನೋಡಿರಲಿಲ್ಲ. ಮೊಮ್ಮಗಳ ತಲೆ ಮುಟ್ಟಿದ ಆಣೆಯನ್ನೇ ಮುರಿದು ಸತ್ತ ಎಂದು ತಿಳಿದ ಕ್ಯಾತಪ್ಪ ಮಗನ ಹೆಣದ ಮುಖವನ್ನೂ ನೋಡಲಿಲ್ಲ. ಗುಂಡಿಗೆ ಇಳಿಸುವಾಗ ಬೇಲಿಯ ಕಡೆ ತಿರುಗಿ ನಿಂತಿದ್ದ. ಮಣ್ಣು ಹಾಕು ಎಂದು ಹಿರಿಯರು ಕೂಗಿದಾಗ ಒಂದು ಹಿಡಿ ಎಸೆದು ನಡೆದುಬಿಟ್ಟ. ಅಂದಿನಿಂದ ಆ ಮನೆಯಲ್ಲಿ ವೀರೇಶನ ಹೆಸರು ಎತ್ತುವವರಿರಲಿಲ್ಲ.

ಅವನು ಕುಡಿದಿರಲಿಲ್ಲ ಎನ್ನಲು ಪ್ರೇಮಲತಾಗೂ ಪೂರ್ತಿ ಧೈರ್ಯವಿರಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟಾಗ ಚೆನ್ನಾಗಿದ್ದ. ಆದರೆ ಮಿಲ್ಲಿನಲ್ಲಿ ಏನಾಯಿತೋ ಅವಳು ಕಂಡಿದ್ದಾಳೆಯೇ? ರೊಟ್ಟಿ ತಟ್ಟುವಾಗ, ಮಗಳ ತಲೆ ಬಾಚುವಾಗ ಆ ಬಾಟ್ಲಿ ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಒಮ್ಮೊಮ್ಮೆ ಅವಳಿಗೂ ಅವನ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನ ಮೇಲೆ ಸಿಟ್ಟಾಗುವುದಕ್ಕೆ ನಾಚಿಕೆಯಾಗಿ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತಿದ್ದಳು.

ಮನೆಯಲ್ಲಿ ವೀರೇಶನ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಇದ್ದವೆಲ್ಲ ಅವನ ಫೋನಿನಲ್ಲೇ ಇದ್ದವು: ಮಗಳ ಮೊದಲ ಹುಟ್ಟುಹಬ್ಬ, ಮೊಳಕಾಲ್ಮೂರಿನಲ್ಲಿ ಪ್ರೇಮಲತಾಗೆ ಸೀರೆ ಕೊಡಿಸಿದ ದಿನ, ಹಟ್ಟಿಯಲ್ಲಿ ಮರಿಯನ್ನು ಹೆಗಲ ಮೇಲೆ ಹೊತ್ತು ನಿಂತದ್ದು. ಅವನ್ನು ಹೇಗಾದರೂ ತೆಗೆಸಬಹುದೇ ಎಂದು ಅವಳು ಮೊದಲು ಕೇಳಿದ್ದು ನಾಗರಾಜನನ್ನು. ನಾಗರಾಜ ವೀರೇಶನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು, ಅದೇ ಮಿಲ್ಲಿನಲ್ಲಿ ಲಾರಿಗಳ ತೂಕ ಬರೆಯುವವನು. ಬಿಡುವಿನಲ್ಲಿ ಊರಿನವರ ಫೋನುಗಳಿಗೆ ಸಾಫ್ಟ್‌ವೇರ್ ಹಾಕಿ ಕೊಡುತ್ತಿದ್ದ. ವೀರೇಶನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಅವನು ಆ ಫೋನನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಹೋದದ್ದು ಹೋತು ತಂಗಿ. ಎಣ್ಣೆ ಇಳಿದದ್ದು ಮತ್ತೆ ಬರಾಕಿಲ್ಲ," ಎಂದು ಬೈಕು ಹತ್ತಿ ಹೊರಟುಹೋದ.

ಪ್ರೇಮಲತಾ ಆ ಫೋನನ್ನು ತಾನೇ ಬಳಸತೊಡಗಿದಳು. ತವರಿನಿಂದ ಅವಳ ತಮ್ಮ ಕಳಿಸಿದ ಮಗಳ ಒಂದು ವಿಡಿಯೋವನ್ನು ಮೆಮೊರಿ ಕಾರ್ಡಿಗೆ ಹಾಕಲು ಹೋದಾಗ, ಜಾಗ ಸಾಲದು ಎಂದು ತೋರಿಸಿತು. ಅವಳು ಪಿಯುಸಿವರೆಗೆ ಓದಿದವಳು, ಫೋನು ತಿಳಿಯದವಳಲ್ಲ. ಎಲ್ಲವೂ ಅಳಿಸಿಹೋದ ಫೋನಿನಲ್ಲಿ ಕಾರ್ಡು ಹೇಗೆ ತುಂಬಿದೆ? ತೆರೆದು ನೋಡಿದಳು. ಅಕ್ಷರ, ಅಂಕಿಗಳ ಉದ್ದನೆಯ ಹೆಸರಿನ ಒಂದೇ ಒಂದು ಫೈಲು ಇತ್ತು. ಒತ್ತಿದರೆ ತೆರೆಯಲಿಲ್ಲ. ಅಷ್ಟು ದೊಡ್ಡದಾಗಿದೆಯೆಂದರೆ ಫೋಟೋಗಳೆಲ್ಲ ಅದರೊಳಗೇ ಕಟ್ಟಾಗಿ ಕೂತಿರಬೇಕು ಎನ್ನಿಸಿತು ಅವಳಿಗೆ. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಯಿತು. ಮರುದಿನ ಮಗಳನ್ನು ಪಕ್ಕದ ಮನೆಯ ಕರಿಯಕ್ಕನ ಹತ್ತಿರ ಬಿಟ್ಟು ಚಳ್ಳಕೆರೆ ಬಸ್ಸು ಹತ್ತಿದಳು.

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಐಶ್ವರ್ಯ ಎಂಬ ಹುಡುಗಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಳು. ಡಿಪ್ಲೊಮಾ ಮಾಡಿ ಬಂದವಳು. ಹೆಂಗಸರು ತಮ್ಮ ಫೋನನ್ನು ಅವಳಿಗೇ ಕೊಡುತ್ತಿದ್ದರು, ಅವಳು ಫೋಟೋ ಕೆದಕಿ ನೋಡುವುದಿಲ್ಲ ಎಂದು. ಪ್ರೇಮಲತಾ ಎಲ್ಲ ಹೇಳಿದಳು. ಐಶ್ವರ್ಯ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದಳು.

"ಅಕ್ಕ, ಇದ್ರಾಗೆ ಫೋಟೋ ಇಲ್ಲ."

"ಮತ್ತೆ ಇಷ್ಟು ದೊಡ್ಡದೈತಲ್ಲ?"

"ಇದು ಫೋನಿನ ಫರ್ಮ್‌ವೇರು. ಅಪ್‌ಡೇಟ್ ಫೈಲು ಅಂತಾರಲ್ಲ, ಅದು. ಫೋನು ಓಡೋದೇ ಇದ್ರ ಮೇಲೆ."

"ಕಂಪನಿಯೋರು ಕಳಿಸ್ತಾರಲ್ಲ, ಅಪ್‌ಡೇಟ್ ಬಂದೈತೆ ಅಂತ ತೋರಿಸ್ತೈತೆ, ಅದಾ?"

ಐಶ್ವರ್ಯ ತಲೆ ಅಲ್ಲಾಡಿಸಿದಳು. "ಅದು ಹಿಂಗೆ ಕಣ್ಣಿಗೆ ಕಾಣಾಕಿಲ್ಲ. ತಾನೇ ಇಳೀತೈತೆ, ತಾನೇ ಹಾಕ್ಕೊಂತೈತೆ, ಆಮೇಲೆ ತಾನೇ ಅಳಿಸಿಕೊಂತೈತೆ. ಫೋಟೋನೂ ಮುಟ್ಟಾಕಿಲ್ಲ. ಇದನ್ನ ಯಾರೋ ನೆಟ್ಟಿಂದ ಡೌನ್‌ಲೋಡ್ ಮಾಡಿ, ಕೈಯಾರೆ ಕಾರ್ಡಿಗೆ ಹಾಕಿ, ಫೋನು ಪೂರ್ತಿ ಅಳಿಸಿ ಹೊಸದಾಗಿ ಲೋಡ್ ಮಾಡ್ಯಾರೆ. ಫೋನಿನೊಳಗಿಂದೆಲ್ಲ ಹೋಗೈತೆ. ಕಾರ್ಡಿನಾಗೆ ಫೈಲು ಹಂಗೇ ಉಳಿದೈತೆ. ತೆಗೆಯೋದು ಮರೆತಾರೆ."

"ಎಣ್ಣೆಗೆ ಬಿದ್ದು ಅಳಿಸಿಹೋತು ಅಂದ್ರು."

ಐಶ್ವರ್ಯ ಫೋನನ್ನು ದೀಪದ ಕೆಳಗೆ ಹಿಡಿದು ಹಿಂದಿನ ಮುಚ್ಚಳ ಬಿಚ್ಚಿದಳು. "ಇದು ಎಣ್ಣೆಗೂ ಬಿದ್ದಿಲ್ಲ, ನೀರಿಗೂ ಬಿದ್ದಿಲ್ಲ ಅಕ್ಕ. ಸ್ಪೀಕರಿನ ಜಾಲರಿಯಾಗೆ ಹಳೇ ಧೂಳು ಹಂಗೇ ಕೂತೈತೆ ನೋಡ್ರಿ."

ಪ್ರೇಮಲತಾ ನೋಡಿದಳು. ಬೂದುಬಣ್ಣದ ಒಣ ಧೂಳು. ಮಿಲ್ಲಿನಿಂದ ಬಂದ ವೀರೇಶನ ಬಟ್ಟೆಯ ಕಮಟು ವಾಸನೆ ಎರಡು ಸಲ ಒಗೆದರೂ ಹೋಗಿರಲಿಲ್ಲ. ಫೋನಿಗೆ ಯಾವ ವಾಸನೆಯೂ ಇರಲಿಲ್ಲ. ಅದನ್ನು ಅವಳು ಮೊದಲ ದಿನವೇ ಕಂಡಿದ್ದಳು, ಒರೆಸಿರಬೇಕು ಅಂದುಕೊಂಡಿದ್ದಳು.

"ಯಾವತ್ತು ಹಾಕಿದ್ದು ಅಂತ ಗೊತ್ತಾಗ್ತೈತಾ?"

ಐಶ್ವರ್ಯ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಫೈಲಿನ ಪಕ್ಕದಲ್ಲಿ ತಾರೀಖು ಇತ್ತು. ವೀರೇಶನ ಸಮಾಧಿಗೆ ಹಾಲು ತುಪ್ಪ ಬಿಟ್ಟ ದಿನ.

"ಫೈಲು ಅಳಿಸ್ಲಾ ಅಕ್ಕ? ಜಾಗ ಆಗ್ತೈತೆ," ಎಂದ ಐಶ್ವರ್ಯ ಅವಳ ಮುಖ ನೋಡಿ ಎದ್ದಳು. ಒಂದು ಲೋಟ ನೀರು ಕೊಟ್ಟಳು. ಕಾರ್ಡನ್ನು ಸಣ್ಣ ಡಬ್ಬಿಗೆ ಹಾಕಿ, "ಇದನ್ನ ಯಾರ ಕೈಗೂ ಕೊಡಬ್ಯಾಡ್ರಿ," ಎಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಶೇಂಗಾ ಕಿತ್ತ ಹೊಲಗಳು ಕೆಂಪಗೆ ಬರಿದಾಗಿದ್ದವು. ಹಾಲು ತುಪ್ಪದ ದಿನ ಯಾರು ಯಾರು ಬಂದಿದ್ದರು ಎಂದು ಅವಳು ಒಬ್ಬೊಬ್ಬರನ್ನೇ ನೆನೆಸಿಕೊಂಡಳು. ಊರೆಲ್ಲ ಬಂದಿತ್ತು. ನಾಗರಾಜ ಬಂದಿರಲಿಲ್ಲ. ಮಿಲ್ಲಿನಲ್ಲಿ ಬಿಡಲಿಲ್ಲ ಎಂದು ಸಾಯಂಕಾಲ ಬಂದ. ಕಣ್ಣು ಕೆಂಪಾಗಿದ್ದವು. ಅತ್ತಿದ್ದಾನೆ ಎಂದು ಅವಳೇ ಅವನಿಗೆ ಸಮಾಧಾನ ಹೇಳಿದ್ದಳು. ಮಿಲ್ಲಿನಲ್ಲಿ ಫೋನಿಗೆ ಸಾಫ್ಟ್‌ವೇರ್ ಹಾಕಲು ಬರುವವನು ಅವನೊಬ್ಬನೇ.

ಮಾವನಿಗೆ ಅವಳು ಏನೂ ಹೇಳಲಿಲ್ಲ. ಬರೀ ಅನುಮಾನ ಹೊತ್ತುಕೊಂಡು ಆ ಮುದುಕನ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಾಗರಾಜನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ದೇವಸಮುದ್ರಕ್ಕೆ. ಭಾನುವಾರ ಅವನು ಅಲ್ಲಿರುತ್ತಾನೆ ಎಂದು ಕರಿಯಕ್ಕ ಹೇಳಿದಳು. ಪ್ರೇಮಲತಾ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ದೇವಸಮುದ್ರಕ್ಕೆ ಹೋದಳು. ಮನೆ ಹುಡುಕಿ ಬಾಗಿಲಲ್ಲಿ ನಿಂತಾಗ ನಾಗರಾಜನ ಅತ್ತೆ ಹೊರಗೆ ಬಂದು, "ಎವರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಯಾರೆಂದು ವಿಚಾರಿಸಿದಳು. ಬಿ.ಜಿ. ಕೆರೆಯ ಪ್ರೇಮಲತಾ ಎಂದದ್ದೇ, "ಅಯ್ಯೋ, ನಮ್ಮ ವೀರೇಶಪ್ಪನ ಹೆಂಡ್ತಿ ಏನವ್ವ, ಬಾ ಒಳಕ್ಕೆ. ಬಾಣಂತಿಗೆ ಮಾಡಿದ ಸಾರೈತೆ, ಉಣ್ಣು," ಎಂದು ಕೈ ಹಿಡಿದಳು.

ಒಳಗೆ ತೊಟ್ಟಿಲಿನ ಹತ್ತಿರ ಕೂತಿದ್ದ ನಾಗರಾಜ ಅವಳನ್ನು ನೋಡಿ ಎದ್ದು ನಿಂತ. ಮಾತಾಡಬೇಕು ಎಂದು ಅವಳು ಅಂದದ್ದಕ್ಕೆ ಏನು, ಎತ್ತ ಎಂದು ಕೇಳಲೇ ಇಲ್ಲ. ಹಿತ್ತಲಿಗೆ ನಡೆದ. ಅಲ್ಲಿ ಬಣವೆಯ ನೆರಳಿನಲ್ಲಿ ಅವಳು ಸೆರಗಿನ ಗಂಟಿನಿಂದ ಡಬ್ಬಿ ತೆಗೆದಳು.

"ಅಣ್ಣ, ಫೋನಿಗೆ ಸಾಫ್ಟ್‌ವೇರ್ ಹಾಕಿದ್ದು ನೀನಾ?"

ನಾಗರಾಜ ಡಬ್ಬಿಯನ್ನೇ ನೋಡಿದ. "ಕಾರ್ಡಿಂದ ತೆಗೆದಿರ್ಲಿಲ್ಲ ಅಲ್ವಾ," ಎಂದ.

"ಅದ್ರಾಗೆ ಏನಿತ್ತು?"

ಅವನು ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಬಣವೆಯಿಂದ ಒಂದು ಹುಲ್ಲುಕಡ್ಡಿ ಎಳೆದು ಮುರಿಯತೊಡಗಿದ.

"ಹೋದ ಸಲ ತೊಟ್ಟಿಗೆ ಇಳಿದಿದ್ದ ಬಿಹಾರದ ಹುಡುಗ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಹೆಂಗೋ ಎಳೆದು ಹಾಕಿದ್ವಿ. ಅವನೇ ಇಳಿದ, ನಾನು ಹೇಳಿರ್ಲಿಲ್ಲ ಅಂದ ಚಂದ್ರಣ್ಣ. ಅವತ್ತೇ ವೀರೇಶ ಹೇಳಿದ್ದ, ನನಗೇನಾದ್ರೂ ಇಳಿ ಅಂದ್ರೆ ರೆಕಾರ್ಡ್ ಮಾಡ್ಕೊಂತೀನಿ ನೋಡಲೇ ಅಂತ. ಹಂಗೇ ಮಾಡಿದ್ದ. ಫೋನು ಡ್ರಮ್ಮಿಗೆ ಆನಿಸಿ ಇಟ್ಟಿದ್ದ."

"ನೀನು ನೋಡಿದ್ಯಾ?"

"ನೋಡಿದೆ. ಲಾಕು ತೆಗೆದದ್ದೇ ನಾನು. ಅವನು ಹಾಕೋ ಗೆರೆ ನನಗೆ ಗೊತ್ತಿತ್ತಲ್ಲ."

ಪ್ರೇಮಲತಾ ಕೇಳಬೇಕೆಂದು ಬಂದದ್ದು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಒಂದೇ. "ಕುಡಿದಿದ್ನಾ?"

"ಇಲ್ಲ."

"ಬಾಟ್ಲಿ?"

"ವಿಡಿಯೋದಾಗೆ ಅಂಗಿ ಒಂದೇ ಐತೆ. ಬಾಟ್ಲಿ ಆಮೇಲೆ ಬಂದದ್ದು."

ಅವಳು ಬಣವೆಗೆ ಕೈ ಊರಿದಳು. ಒಳಗಿನಿಂದ ಕೂಸಿನ ಅಳು ಕೇಳಿತು, ಅಜ್ಜಿ ತೆಲುಗಿನಲ್ಲಿ ಜೋಗುಳ ಹಾಡತೊಡಗಿದಳು. ನಾಗರಾಜ ತಲೆ ತಗ್ಗಿಸಿಕೊಂಡೇ ಉಳಿದದ್ದನ್ನು ಹೇಳಿದ. ವಾಸನೆ ಐತೆ ಸಾರ್, ಮುಚ್ಚಳ ತೆಗೆದು ಒಂದು ದಿನ ಬಿಡಾನ ಎಂದು ವೀರೇಶ ಹೇಳುತ್ತಾನೆ. ಇವತ್ತೇ ಆಗಬೇಕು, ಇಳೀತೀಯೋ ಇಲ್ಲ ನಾಳೆಯಿಂದ ಮನೇಲೇ ಇರ್ತೀಯೋ ಎಂದು ಚಂದ್ರಣ್ಣ ಕೇಳುತ್ತಾನೆ. ವೀರೇಶ ಅಂಗಿ ಬಿಚ್ಚುತ್ತಾನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇದನ್ನಾದ್ರೂ ಹಿಡ್ಕಳ್ರಿ ಸಾರ್ ಎಂದು ತುದಿಯನ್ನು ಕೊಟ್ಟು ಇಳಿಯುತ್ತಾನೆ. ಚಂದ್ರಣ್ಣನಿಗೆ ಫೋನು ಬರುತ್ತದೆ. ಹಗ್ಗವನ್ನು ನೆಲಕ್ಕೆ ಹಾಕಿ ಮಾತಾಡುತ್ತಾ ಆಚೆ ಹೋಗುತ್ತಾನೆ. ಹಗ್ಗ ಒಂದು ಸಲ ಜಗ್ಗುತ್ತದೆ. ಮತ್ತೆ ಜಗ್ಗುತ್ತದೆ. ಆಮೇಲೆ ಇಲ್ಲ.

"ವಿಡಿಯೋ ಓಡ್ತಾನೇ ಇತ್ತು. ಜನ ಕೂಗಿದ್ದು, ಹೆಣ ಎತ್ತಿದ್ದು, ಎಲ್ಲ ಐತೆ. ಕೊನೆಗೆ ಚಂದ್ರಣ್ಣನ ಕೈ ಬಂದು ಫೋನು ತಗೊಂತೈತೆ. ಅದನ್ನ ನೋಡಿ ಅವನು ಡಿಲೀಟ್ ಮಾಡು ಅಂದ. ಮಾಡಿದೆ. ಡಿಲೀಟ್ ಆದದ್ದೂ ವಾಪಸ್ ಬರ್ತೈತಂತಲ್ಲ, ಏನೂ ಬರಬಾರದು ಅಂದ. ಅದಕ್ಕೆ ಫರ್ಮ್‌ವೇರ್ ಇಳಿಸಿ ಪೂರ್ತಿ ಹೊಸದು ಮಾಡಿದೆ."

"ನಿನ್ನ ಫೋನಿಗೆ ಒಂದು ಕಾಪಿ ಹಾಕ್ಕೊಳಾಕೆ ಆಗ್ಲಿಲ್ವಾ ಅಣ್ಣ?"

"ಪಕ್ಕದಾಗೆ ಕುರ್ಚಿ ಎಳ್ಕಂಡು ಕೂತಿದ್ದ. ಮುಗಿಯೋವರೆಗೂ ಏಳಲಿಲ್ಲ." ಮುರಿದ ಹುಲ್ಲುಕಡ್ಡಿ ಎಸೆದು ಹೇಳಿದ, "ಹೆದರಿದೆ ತಂಗಿ. ಮತ್ತೇನೂ ಇಲ್ಲ. ಹೆದರಿದೆ."

ಬಸ್ಸಿನಲ್ಲಿ ಬರುವಾಗ ಅವಳು, ಇವನೇ ಮಾಡಿದ್ದು ಎಂದು ಗೊತ್ತಾದರೆ ಅವನ ಅತ್ತೆ ಮನೆಯವರ ಮುಂದೆ ಕೂಗಾಡಬೇಕು, ಮಣ್ಣು ತೂರಿ ಶಾಪ ಹಾಕಬೇಕು ಎಂದುಕೊಂಡಿದ್ದಳು. ಈಗ ಅದು ಯಾವುದೂ ಆಗಲಿಲ್ಲ. ವೀರೇಶ ಕುಡಿದಿರಲಿಲ್ಲ. ಅಷ್ಟು ದಿನ ಅವನ ಮೇಲೆ ತಾನು ಮಾಡಿಕೊಂಡ ಸಿಟ್ಟೆಲ್ಲ ತಿರುಗಿ ಅವಳನ್ನೇ ಚುಚ್ಚಿತು.

"ನಮ್ಮ ಮಾವನಿಗೆ ಹೇಳು ಬಾ," ಎಂದಳು.

"ನೀನೇ ಹೇಳು ತಂಗಿ."

"ನಾನು ಹೇಳಿದ್ರೆ ಗಂಡನ ತಪ್ಪು ಮುಚ್ಚಿಕೊಳ್ತಾಳೆ ಅಂತಾನೆ. ಕಂಡವನು ನೀನು. ನೀನು ಹೇಳು."

ನಾಗರಾಜ ಅವಳ ಜೊತೆಯಲ್ಲೇ ಹೊರಟ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದ.

ಕ್ಯಾತಪ್ಪ ಊರಾಚೆಯ ಬೀಳಿನಲ್ಲಿ ಕುರಿ ಬಿಟ್ಟುಕೊಂಡು ಜಾಲಿ ಮರದ ಬುಡದಲ್ಲಿದ್ದ. ಕೊಂಬೆ ಕಡಿಯುವ ಕುಡುಗೋಲಿಗೆ ಕಲ್ಲಿನಿಂದ ಸಾಣೆ ಹಿಡಿಯುತ್ತಿದ್ದ. ಸೊಸೆಯನ್ನೂ ನಾಗರಾಜನನ್ನೂ ಒಟ್ಟಿಗೆ ನೋಡಿ ಕಲ್ಲನ್ನು ಕೆಳಗಿಟ್ಟ. ನಾಗರಾಜ ಕೂರಲಿಲ್ಲ. ನಿಂತುಕೊಂಡೇ, ಪ್ರೇಮಲತಾಗೆ ಹೇಳಿದ ಹಾಗೆಯೇ ಎಲ್ಲವನ್ನೂ ಹೇಳಿದ. ತಾನು ಮಾಡಿದ್ದನ್ನೂ ಬಿಡಲಿಲ್ಲ. ಹೇಳುವಾಗ ಅವನ ಕಣ್ಣು ಮುದುಕನ ಕೈಯಲ್ಲಿದ್ದ ಕುಡುಗೋಲಿನ ಮೇಲೆಯೇ ಇತ್ತು.

ಕ್ಯಾತಪ್ಪ ಕುರಿಗಳ ಕಡೆ ನೋಡಿದ.

"ಆ ಹಗ್ಗ ಎರಡು ಸಲ ಜಗ್ಗಿತಾ?"

"ಹೂಂ ಮಾವ."

"ಕುಡಿದಿರ್ಲಿಲ್ಲ."

"ಇಲ್ಲ ಮಾವ. ಚೆನ್ನಾಗಿ ನಿಂತು ಮಾತಾಡ್ತಿದ್ದ."

"ಮಣ್ಣಿಗೆ ಇಳಿಸುವಾಗ ಮುಖ ನೋಡ್ಲಿಲ್ಲ ನಾನು," ಎಂದ ಕ್ಯಾತಪ್ಪ. ಅದನ್ನು ಅವರಿಬ್ಬರಿಗೆ ಹೇಳಿದ ಹಾಗಿರಲಿಲ್ಲ, ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಕುಡುಗೋಲು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಪ್ರೇಮಲತಾ ಅವನ ಪಕ್ಕ ನೆಲದ ಮೇಲೆ ಕೂತಳು. ಮಾವ ಅಳುವುದನ್ನು ಅವಳು ಮದುವೆಯಾಗಿ ಬಂದ ಮೇಲೆ ನೋಡಿರಲಿಲ್ಲ. ಅವನಿಗೆ ಅಳಲು ಸರಿಯಾಗಿ ಬರುತ್ತಲೂ ಇರಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಕುರಿಯ ಹಾಗೆ ಕೆಮ್ಮಿದ.

ಕೊನೆಗೆ ನಾಗರಾಜನನ್ನು ಕೇಳಿದ, "ಸ್ಟೇಷನ್ನಿಗೆ ಬಂದು ಇದನ್ನೇ ಹೇಳ್ತೀಯಾ?"

"ಬರ್ತೀನಿ ಮಾವ. ನಾಳೆ ಬೆಳಿಗ್ಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಾಗೆ ಇರ್ತೀನಿ."

ಮರುದಿನ ಮಾವ ಸೊಸೆ ಇಬ್ಬರೂ ಮೊದಲ ಬಸ್ಸಿಗೇ ಹೋದರು. ಕ್ಯಾತಪ್ಪ ಒಗೆದ ಪಂಚೆ ಉಟ್ಟು ತಲೆಗೆ ವಸ್ತ್ರ ಸುತ್ತಿದ್ದ. ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತರು. ಬಳ್ಳಾರಿ ಬಸ್ಸುಗಳು, ಚಿತ್ರದುರ್ಗದ ಬಸ್ಸುಗಳು ಬಂದು ಹೋದವು. ಬೈಕಿನ ಸದ್ದು ಕೇಳಿದಾಗಲೆಲ್ಲ ಕ್ಯಾತಪ್ಪ ಕತ್ತು ಎತ್ತುತ್ತಿದ್ದ. ಪ್ರೇಮಲತಾ ಫೋನು ಮಾಡಿದಳು. ಮೊದಮೊದಲು ರಿಂಗಾಯಿತು. ಆಮೇಲೆ ಸ್ವಿಚ್ ಆಫ್ ಎಂದು ಬಂತು. ಬಿಸಿಲು ಬೆಂಚಿನ ಮೇಲೆ ಬಂದಾಗ ಕ್ಯಾತಪ್ಪ ಎದ್ದ.

"ಬಾರವ್ವ, ಹೋಗಾನ," ಎಂದ.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಅವರನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು. ವಯಸ್ಸಾದವರು, ಮಾತು ಕಡಿಮೆ. ಕಾರ್ಡಿನ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಅಮ್ಮಾ, ಈ ಫೈಲು ಏನು ಹೇಳುತ್ತೆ? ಯಾರೋ ಫೋನಿಗೆ ಸಾಫ್ಟ್‌ವೇರ್ ಹಾಕಿದಾರೆ ಅಂತ ಹೇಳುತ್ತೆ. ಒಳಗೆ ಏನಿತ್ತು ಅಂತ ಹೇಳಲ್ಲ. ಅದನ್ನ ಹೇಳೋನು ಬರಬೇಕು."

"ಬರ್ತೀನಿ ಅಂದಿದ್ದ ಸಾರ್."

"ಕರೆಸ್ತೀನಿ." ಅವರು ಕ್ಯಾತಪ್ಪನ ಕಡೆ ತಿರುಗಿದರು. "ನಿಮ್ಮ ಮಗ ಕುಡೀತಿದ್ನಾ ಯಜಮಾನ್ರೇ?"

"ಕುಡೀತಿದ್ದ ಸ್ವಾಮಿ. ನಾನೇ ಕಟ್ಟಿ ಹೊಡೆದೀನಿ. ಅವತ್ತು ಕುಡಿದಿರ್ಲಿಲ್ಲ."

ದೂರು ಬರೆದುಕೊಂಡರು. ಫೋನನ್ನೂ ಕಾರ್ಡನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಅರಗು ಮುದ್ರೆ ಒತ್ತಿ, ಪರೀಕ್ಷೆಗೆ ಕಳಿಸುವುದಾಗಿ ಹೇಳಿದರು. ಹಾಗೆ ವೀರೇಶನ ಫೋನು ಮತ್ತೆ ಅವಳ ಕೈ ಬಿಟ್ಟಿತು. ಚಂದ್ರಣ್ಣ ಆಮೇಲೆ ಬಿ.ಜಿ. ಕೆರೆಯ ಕಡೆ ಬರಲಿಲ್ಲ. ಪ್ಯಾಕಿಂಗ್ ಕೆಲಸದ ಮಾತೂ ಅಲ್ಲಿಗೇ ನಿಂತಿತು. ಪ್ರೇಮಲತಾ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರ ಮನೆಯೊಂದರಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ಸೇರಿದಳು.

ಬೇಸಿಗೆ ಹೊತ್ತಿಗೆ ಪ್ರಯೋಗಾಲಯದ ವರದಿ ಬಂತು. ಹೊಟ್ಟೆಯಲ್ಲಿ ಮದ್ಯ ಇರಲಿಲ್ಲ. ಕೆಟ್ಟ ಗಾಳಿಯಿಂದ ಉಸಿರು ಕಟ್ಟಿ ಸಾವು. ಫೋನಿನ ವರದಿಯೂ ಬಂತು: ಹಳೆಯ ಯಾವ ದಾಖಲೆಯನ್ನೂ ತೆಗೆಯಲು ಸಾಧ್ಯವಾಗಿಲ್ಲ. ಬಳ್ಳಾರಿಯಲ್ಲಿ ಎಲ್ಲೋ ಕೆಲಸಕ್ಕೆ ಸೇರಿದ್ದ ನಾಗರಾಜನನ್ನು ಹೇಳಿಕೆಗೆ ಕರೆಸಿದರು. ಅವತ್ತು ಪ್ರೇಮಲತಾ, ಕ್ಯಾತಪ್ಪ ಇಬ್ಬರೂ ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ಕಾದಿದ್ದರು. ನಾಗರಾಜ ಮಿಲ್ಲಿನ ವಕೀಲರ ಕಾರಿನಿಂದ ಇಳಿದ. ಅದನ್ನು ನೋಡಿದಾಗಲೇ ಅವಳಿಗೆ ಗೊತ್ತಾಯಿತು.

ಕ್ಯಾತಪ್ಪ ಎದ್ದು ಅವನ ಹತ್ತಿರ ಹೋದ. ಕಾನ್‌ಸ್ಟೇಬಲ್ ಒಬ್ಬ ಗಾಬರಿಯಾಗಿ ಮುಂದೆ ಬಂದ. ಆದರೆ ಮುದುಕ ಕೈ ಎತ್ತಲಿಲ್ಲ.

"ಕೂಸು ಹೆಂಗೈತಪ್ಪ?" ಎಂದು ಕೇಳಿದ.

ನಾಗರಾಜ ಬಾಯಿ ತೆರೆದ. ವಕೀಲರು ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಫೋನು ಕೆಟ್ಟಿತ್ತು, ಆನ್ ಆಗುತ್ತಿರಲಿಲ್ಲ, ಸರಿ ಮಾಡಲು ಫರ್ಮ್‌ವೇರ್ ಹಾಕಿದೆ, ಒಳಗೆ ಏನಿತ್ತೆಂದು ನೋಡಿಲ್ಲ ಎಂದು ಅವನು ಹೇಳಿಕೆ ಕೊಟ್ಟ. ಅದನ್ನು ಸಬ್‌ಇನ್‌ಸ್ಪೆಕ್ಟರ್ ಅವರೇ ಹೊರಗೆ ಬಂದು ಇವರಿಗೆ ತಿಳಿಸಿದರು. ಮುಖಗವಸು, ಗಾಳಿಯ ವ್ಯವಸ್ಥೆ ಯಾವುದೂ ಇರಲಿಲ್ಲ ಎಂಬುದಕ್ಕೆ ಮಿಲ್ಲಿನ ಮೇಲೆ ನಿರ್ಲಕ್ಷ್ಯದ ಕೇಸು ಹಾಕುವುದಾಗಿ ಹೇಳಿದರು. ಇಳಿ ಎಂದು ಹೇಳಿದವರ ಬಗ್ಗೆ, ಕೈ ಬಿಟ್ಟ ಹಗ್ಗದ ಬಗ್ಗೆ, ಆಮೇಲೆ ಬಂದ ಬಾಟ್ಲಿಯ ಬಗ್ಗೆ ಸಾಕ್ಷಿ ಇಲ್ಲ.

"ನಮ್ಮಿಬ್ಬರ ಮುಂದೆ ಹೇಳ್ಯಾನಲ್ಲ ಸ್ವಾಮಿ, ಬೀಳಿನಾಗೆ ನಿಂತು," ಎಂದ ಕ್ಯಾತಪ್ಪ.

"ಅವನು ಇಲ್ಲ ಅಂತಾನೆ ಯಜಮಾನ್ರೇ."

ಊರಿಗೆ ಬಂದ ಮೇಲೆ, ಮದ್ಯ ಇರಲಿಲ್ಲ ಎಂದು ಬರೆದಿದ್ದ ವರದಿಯ ಪ್ರತಿಯನ್ನು ಹಿಡಿದು ಕ್ಯಾತಪ್ಪ ಓಣಿ ಓಣಿ ತಿರುಗಿದ. ಓದಲು ಬಾರದವನು, ಬಲ್ಲವರ ಕೈಯಲ್ಲಿ ಗಟ್ಟಿಯಾಗಿ ಓದಿಸಿದ. ಕೆಲವರು ಪೂರ್ತಿ ಕೇಳಿದರು. ಕೆಲವರು ಹೋಗಲಿ ಬಿಡಣ್ಣ, ಆದದ್ದು ಆತು ಎಂದು ಒಳಗೆ ಹೋದರು. ಪ್ರೇಮಲತಾ ಬೇಡ ಅನ್ನಲಿಲ್ಲ. ಮರುದಿನ ಅವಳಿಗೆ ಮೊಳಕಾಲ್ಮೂರಿನಲ್ಲಿ ಕೆಲಸವಿತ್ತು. ಸೊಸೆ ಬಸ್ಸಿಗೆ ಹೊರಟಾಗ ಮುದುಕ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ಹೊಡೆದುಕೊಂಡು ಬೀಳಿನ ಕಡೆ ಹೋಗುತ್ತಿದ್ದ. ನಿಮ್ಮಪ್ಪ ಇಷ್ಟಿದ್ದಾಗ, ಎಂದು ಏನೋ ಕಥೆ ಶುರು ಮಾಡಿದ್ದ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಮುಂದಿನದು ಕೇಳಿಸಲಿಲ್ಲ.